ಕಾವಲಿನ ದನ, ಕಾವಲಿಯ ಲೇಪ, ರಕ್ತದ ಕೊಬ್ಬು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ‘ಕಾವಲು’ ಎಂದರೆ ದನ ಮೇಯುವ ಬಯಲು. ‘ಕಾವಲಿ’ ಎಂದರೆ ದೋಸೆ ಹುಯ್ಯುವ ಹೆಂಚು. ಒಂದು ಗುಣಿತ ಬದಲಾದರೆ ಸಾಕು, ಬಯಲಿನಿಂದ ನೇರ ಅಡುಗೆಮನೆಗೆ ಬಂದುಬಿಡಬಹುದು. ಈ ಉಪನ್ಯಾಸದ ಕಥೆಯೂ ಅದೇ ದಾರಿಯದು. ದನ ಮೇಯುವ ಹುಲ್ಲಿನಲ್ಲಿ ಶುರುವಾಗಿ, ಕಾವಲಿಯ ಮೇಲಿನ ನುಣುಪು ಲೇಪವನ್ನು ಹಾದು, ಲ್ಯಾಬಿನವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಳೆದುಕೊಳ್ಳುವ ಒಂದು ಸಿರಿಂಜ್ ರಕ್ತದಲ್ಲಿ ಬಂದು ಸೇರುತ್ತದೆ.

ಅಜ್ಜಂಪುರದ ಕಾವಲೆಂದರೆ ಅಮೃತಮಹಲ್ ದನಗಳ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟವನು ಟಿಪ್ಪು. ಬೆಣ್ಣೆಯಾಗಲಿ ಅಮೃತವಾಗಲಿ, ಹೊಗಳಿಕೆಯೆಲ್ಲ ಹಾಲಿನ ಕೊಬ್ಬಿಗೇ. ಈಗ ಅದೇ ಸೀಮೆಯಲ್ಲಿ ಕೊಬ್ಬು ಎಂದರೆ ಜನ ಬೆಚ್ಚುತ್ತಾರೆ. 2025ರ ಮೇ, ಜೂನ್ ತಿಂಗಳಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ದಿನ ಬಿಟ್ಟು ದಿನ ಹೃದಯಾಘಾತದ ಸಾವಿನ ಸುದ್ದಿ ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತಿತು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹೃದಯಾಘಾತ ಹಠಾತ್ತನೆ ಏರಿದ್ದಕ್ಕೆ ಆಧಾರವಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆಸೊಪ್ಪು, ಕುಡಿತ, ಬೊಜ್ಜು ಇವೇ ಹಳೆಯ ಕಾರಣಗಳು ಎಂದು ಸಮಿತಿ ಜುಲೈನಲ್ಲಿ ಹೇಳಿತು. ಆದರೆ ಅಷ್ಟರಲ್ಲಿ ‘ಲಿಪಿಡ್ ಪ್ರೊಫೈಲ್’ ಎಂಬ ಮಾತು ಸಂತೆಯವರೆಗೂ ಬಂದಿತ್ತು.

ಆ ಚೀಟಿಯಲ್ಲಿ ನಾಲ್ಕೈದು ಸಾಲು ಇರುತ್ತವೆ: ಒಟ್ಟು ಕೊಲೆಸ್ಟರಾಲ್, ಎಲ್‌ಡಿಎಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್. 200ರ ಮೇಲೆ ಹೋದರೆ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ 81.2 ಮಂದಿಯ ಚೀಟಿಯಲ್ಲಿ ಏನಾದರೊಂದು ಏರುಪೇರು ಇದೆ. ಒಟ್ಟು ಕೊಲೆಸ್ಟರಾಲೇ ಹೆಚ್ಚಿರುವವರು ನೂರಕ್ಕೆ 24. ಚೀಟಿ ನೋಡಿದ ಡಾಕ್ಟರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಬಾಯಿಪಾಠ. ಎಣ್ಣೆ ಎಷ್ಟು, ತುಪ್ಪ ಎಷ್ಟು, ಬೀಡಿ ಇದೆಯೇ, ನಡೆಯುತ್ತೀರಾ, ಅಪ್ಪನಿಗೆ ಇತ್ತೇ? ಸರಿಯಾದ ಪ್ರಶ್ನೆಗಳೇ. ಆದರೆ ಕೇಳದೆ ಬಿಡುವ ಪ್ರಶ್ನೆ ಒಂದಿದೆ. ಕುಡಿಯುವ ನೀರು ಎಲ್ಲಿಯದು? ಆ ನೀರಿನ ಮೇಲ್ಗಡೆ ಯಾವ ಕಾರ್ಖಾನೆ ಇದೆ?

ಕೊಲೆಸ್ಟರಾಲಿನ ಚೀಟಿ ಹಿಡಿದವರಿಗೆ ಇದನ್ನು ಊರಿಗೆ ಊರೇ ಕೂರಿಸಿ ಕೇಳಿದ್ದು ಅಮೆರಿಕದ ಓಹಾಯೊ ನದಿಯ ದಂಡೆಯಲ್ಲಿ. ಅದಕ್ಕೆ ಕಾರಣನಾದವನು ಡಾಕ್ಟರನಲ್ಲ, ದನ ಸಾಕುವವನು.

ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಎಂಬ ಊರಿನ ಹತ್ತಿರ ಡ್ಯುಪಾಂಟ್ ಕಂಪನಿಯ ವಾಷಿಂಗ್ಟನ್ ವರ್ಕ್ಸ್ ಕಾರ್ಖಾನೆ. ಟೆಫ್ಲಾನ್ ಅಲ್ಲಿ ತಯಾರಾಗುತ್ತಿತ್ತು. ಸಮೀಪದ ರೈತ ವಿಲ್ಬರ್ ಟೆನ್ನಂಟ್ ಕುಟುಂಬದ ಒಂದಿಷ್ಟು ಜಮೀನನ್ನು ಕಂಪನಿ ಕೊಂಡು ಅಲ್ಲಿ ಕಸ ಸುರಿಯುವ ಹೊಂಡ ಮಾಡಿತು. ಹೊಂಡದ ಕೆಳಗೆ ಡ್ರೈ ರನ್ ಎಂಬ ಹಳ್ಳ. ಟೆನ್ನಂಟನ ದನಗಳಿಗೆ ನೀರು ಅದರದ್ದೇ. ದನ ಬಡಕಲಾದವು, ಹಲ್ಲು ಕಪ್ಪಾದವು, ಕರುಗಳು ಸತ್ತು ಹುಟ್ಟಿದವು. ಸುಮಾರು 150 ದನ ಹೋದವು. ಊರಿನ ಪಶುವೈದ್ಯರು ಬಂದು ನೋಡಲು ಒಪ್ಪದಿದ್ದಾಗ ಟೆನ್ನಂಟ್ ತಾನೇ ಚಾಕು ಹಿಡಿದ. ಸತ್ತ ಹಸುವನ್ನು ಕೊಯ್ದು, ಹೃದಯ, ಶ್ವಾಸಕೋಶ, ಮೂತ್ರಪಿಂಡ, ಪಿತ್ತಕೋಶವನ್ನು ಒಂದೊಂದಾಗಿ ಹೊರಗೆಳೆದು, ವಿಡಿಯೊ ಕ್ಯಾಮೆರಾದ ಮುಂದೆ ಹಿಡಿದು, ಎಲ್ಲೆಲ್ಲಿ ಬಣ್ಣ ಕೆಟ್ಟಿದೆ ಎಂದು ತೋರಿಸುತ್ತ ಹೋದ. 1998ರಲ್ಲಿ ಆ ಟೇಪುಗಳ ಪೆಟ್ಟಿಗೆ ರಾಬ್ ಬಿಲೊಟ್ ಎಂಬ ವಕೀಲನ ಮೇಜಿಗೆ ಬಂತು. ಬಿಲೊಟ್ ಅಲ್ಲಿಯವರೆಗೆ ರಾಸಾಯನಿಕ ಕಂಪನಿಗಳ ಪರ ವಾದಿಸುತ್ತಿದ್ದವನು. ಅವನ ಅಜ್ಜಿಯ ಊರು ಅದೇ ಸೀಮೆ ಎಂಬುದಷ್ಟೇ ಇಬ್ಬರ ನಡುವಿನ ಸಂಬಂಧ.

ದನ ಕಾಯುವವರ ಕಣ್ಣಿನ ಬಗ್ಗೆ ಕಾವಲಿನ ಸೀಮೆಯ ಜನಕ್ಕೆ ವಿವರಿಸಬೇಕಿಲ್ಲ. ಮೇವು ಬಿಟ್ಟ ಹಸುವನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಕನ್ನಡದ ನೆಲದಲ್ಲೂ ಮೊದಲ ಸುಳಿವು ಸಿಕ್ಕಿದ್ದು ಕೊಟ್ಟಿಗೆಯಲ್ಲೇ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ, ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯತೊಡಗಿದ ಕೆಲವೇ ವರ್ಷಗಳಲ್ಲಿ, 1979ರ ಸುಮಾರಿಗೆ, ಕಾಲು ತಿರುಚಿದ ಕರುಗಳು ಹುಟ್ಟಿದವು. ಅದನ್ನು ಬರೆದವರು ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ. ಅದೇ ಊರಿನ ಡಾ. ಮೋಹನ ಕುಮಾರ್ ಮುಂದೆ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದರು. ರಕ್ತ, ನೀರು, ಮಣ್ಣು ಅಳೆಯುವವರು ಬಂದದ್ದು 2001ರಲ್ಲಿ. ಆ ಹೊತ್ತಿಗೆ ಸಿಂಪಡಣೆಗೆ ಎರಡು ದಶಕ ದಾಟಿತ್ತು. ಗಡಿಯ ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರುತೋಟಗಳ ಕಥೆಯೂ ಬೇರೆಯದಲ್ಲ. ಎಂಡೋಸಲ್ಫಾನ್ ಕೀಟನಾಶಕ, ಟೆಫ್ಲಾನಿನ ರಾಸಾಯನಿಕ ಕಾರ್ಖಾನೆಯದು; ಎರಡರ ರೋಗಗಳೂ ಬೇರೆ. ಒಂದೇ ಆಗಿರುವುದು ಕ್ರಮ: ಮೊದಲು ಕರು, ಆಮೇಲೆ ಮನುಷ್ಯ, ಎಲ್ಲಕ್ಕಿಂತ ಕೊನೆಗೆ ಅಳತೆಗೋಲು.

ಟೆಫ್ಲಾನ್ ಹುಟ್ಟಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಡ್ಯುಪಾಂಟಿನ ರಾಯ್ ಪ್ಲಂಕೆಟ್ ಒಂದು ಗ್ಯಾಸ್ ಸಿಲಿಂಡರಿನ ಕವಾಟ ತಿರುಗಿಸಿದ, ಗ್ಯಾಸ್ ಬರಲಿಲ್ಲ. ತೂಕ ನೋಡಿದರೆ ಸಿಲಿಂಡರ್ ತುಂಬಿದೆ. ಗರಗಸದಿಂದ ಕೊಯ್ದಾಗ ಒಳಗೆ ಮೇಣದಂಥ ಬಿಳಿ ಪುಡಿ. ಇಂಗಾಲ ಮತ್ತು ಫ್ಲೋರಿನ್ ಕೈಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಸಾವಯವ ರಸಾಯನಶಾಸ್ತ್ರದಲ್ಲಿ ಅದಕ್ಕಿಂತ ಗಟ್ಟಿಯಾದ ಒಂಟಿ ಬಂಧ ಇಲ್ಲ. ಎಣ್ಣೆ ಅಂಟದು, ನೀರು ಅಂಟದು, ಆಮ್ಲ ಕೊರೆಯದು. ಈ ಪುಡಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವಾಗ ಗಂಟು ಕಟ್ಟದಂತೆ ಸಾಬೂನಿನ ಹಾಗೆ ಕೆಲಸ ಮಾಡುವ ಇನ್ನೊಂದು ಪದಾರ್ಥ ಬೇಕು. ಅದೇ ಪಿಎಫ್ಒಎ. ಎಂಟು ಇಂಗಾಲದ ಸರಪಳಿಯಾದ್ದರಿಂದ ಕಾರ್ಖಾನೆಯವರು ಅದನ್ನು ಸಿ-8 ಎನ್ನುತ್ತಿದ್ದರು. ಅದರ ದಾಯಾದಿ ಪಿಎಫ್ಒಎಸ್, ಬೆಂಕಿ ನಂದಿಸುವ ನೊರೆಯಲ್ಲೂ ಕಲೆ ಹಿಡಿಯದ ಬಟ್ಟೆಯಲ್ಲೂ ಇತ್ತು. ಸಾವಿರಾರು ಸದಸ್ಯರ ಈ ಕುಲಕ್ಕೆ ಪಿಫಾಸ್ ಎಂದು ಹೆಸರು. ಪತ್ರಿಕೆಗಳಲ್ಲಿ ‘ಶಾಶ್ವತ ರಾಸಾಯನಿಕ’.

ಫ್ಲೋರಿನ್ ಎಂದ ಕೂಡಲೇ ಬಯಲುಸೀಮೆಯವರಿಗೆ ನೆನಪಾಗುವುದು ಕೊಳವೆಬಾವಿಯ ಫ್ಲೋರೈಡ್, ಹಲ್ಲಿನ ಮೇಲಿನ ಕಂದು ಗೆರೆ. ಇದು ಅದಲ್ಲ. ಆ ಫ್ಲೋರೈಡ್ ಬಂಡೆಯಿಂದ ನೀರಿಗಿಳಿಯುವ ಲವಣ. ಇದು ಮನುಷ್ಯ ಕಟ್ಟಿದ ಸರಪಳಿ. ಎರಡೂ ಬೇರೆ ಎಂದು ಮನುಷ್ಯನ ರಕ್ತದಲ್ಲಿ ಮೊದಲು ಕಂಡವನು ಡೊನಾಲ್ಡ್ ಟೇವ್ಸ್. ಅಮೆರಿಕದ ರಾಚೆಸ್ಟರಿನಲ್ಲಿ ರಕ್ತದ ಫ್ಲೋರೈಡ್ ಅಳೆಯುತ್ತಿದ್ದಾಗ ಲೆಕ್ಕ ಕೂಡಿಬರಲಿಲ್ಲ. ಲವಣವಾಗಿ ಕರಗಿರುವ ಫ್ಲೋರೈಡ್ ಅಲ್ಲದೆ ಇನ್ನೊಂದು ರೂಪ ಅಲ್ಲಿತ್ತು. 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಬರೆದ. 1970ರ ದಶಕದ ನಡುವಿಗೆ ಅವನೂ ಜೊತೆಗಾರರೂ ರಕ್ತನಿಧಿಗಳ ರಕ್ತದಲ್ಲೂ ಅದನ್ನು ಕಂಡು, ಕಾರ್ಖಾನೆಯ ಪದಾರ್ಥವಿರಬಹುದು ಎಂದು ಊಹಿಸಿದರು. ಊಹೆ ಸರಿಯಾಗಿತ್ತು.

ಸಿ-8 ಸೇರಿದ್ದ ನೀರು ಕುಡಿದ ಊರಿನವರ ಪರವಾಗಿ ಬಿಲೊಟ್ ಹೂಡಿದ ಮೊಕದ್ದಮೆ 2004ರಲ್ಲಿ ರಾಜಿಯಾಯಿತು. ಈ ರಾಜಿಯ ಒಂದು ಕಲಮು ಬೇರೆಲ್ಲೂ ಕಾಣದಂಥದ್ದು. ಪರಿಹಾರದ ಹಣದಲ್ಲಿ 7 ಕೋಟಿ ಡಾಲರನ್ನು ಊರಿನವರ ಆರೋಗ್ಯ ಅಳೆಯಲು ಇಡಲಾಯಿತು. ಪ್ರಶ್ನಾವಳಿ ತುಂಬಿ ರಕ್ತ ಕೊಟ್ಟವರಿಗೆ ತಲಾ 400 ಡಾಲರ್. 2005–06ರಲ್ಲಿ ಸುಮಾರು 69,000 ಜನ ತೋಳು ಚಾಚಿದರು. ಅವರ ರಕ್ತದಲ್ಲಿ ಸಿ-8ರ ಮಧ್ಯಮ ಪ್ರಮಾಣ ಒಂದು ಮಿಲಿಲೀಟರಿಗೆ 28 ನ್ಯಾನೊಗ್ರಾಂ. ಅಮೆರಿಕದ ಉಳಿದ ಜನರಲ್ಲಿ 4ರ ಆಸುಪಾಸು. ಜನ ದುಡ್ಡಿಗಾಗಿ ಬಂದರು ಎಂದು ಮೂಗು ಮುರಿದವರೂ ಇದ್ದರು. ಬರಲಿ ಬಿಡಿ, ಅದೊಂದು ಕಲಮಿನಿಂದ ಜಗತ್ತಿಗೆ ಸಿಕ್ಕ ತಿಳಿವಳಿಕೆ ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಕ್ಕಿಲ್ಲ.

ಟೋನಿ ಫ್ಲೆಚರ್, ಕೈಲ್ ಸ್ಟೀನ್‌ಲ್ಯಾಂಡ್, ಡೇವಿಡ್ ಸಾವಿಟ್ಜ್ ಎಂಬ ಮೂವರು ಸಾಂಕ್ರಾಮಿಕಶಾಸ್ತ್ರಜ್ಞರ ಮಂಡಳಿ ಈ ರಾಶಿಯ ಮುಂದೆ ಕೂತಿತು. 2009ರಲ್ಲಿ ಬಂದ ಒಂದು ಲೆಕ್ಕ ಹೀಗಿದೆ. ಕೊಲೆಸ್ಟರಾಲ್ ಔಷಧಿ ತೆಗೆದುಕೊಳ್ಳದ 46,294 ವಯಸ್ಕರನ್ನು ರಕ್ತದ ಸಿ-8 ಪ್ರಮಾಣಕ್ಕೆ ತಕ್ಕಂತೆ ಹತ್ತು ಪಾಲು ಮಾಡಿದರೆ, ಅತಿ ಕಡಿಮೆ ಇರುವ ಪಾಲಿಗಿಂತ ಅತಿ ಹೆಚ್ಚಿರುವ ಪಾಲಿನವರ ಒಟ್ಟು ಕೊಲೆಸ್ಟರಾಲ್ 11–12 ಮಿಲಿಗ್ರಾಂ ಮೇಲಿತ್ತು. ಒಬ್ಬರ ಚೀಟಿಯಲ್ಲಿ ಇದು ದೊಡ್ಡದಲ್ಲ. 190 ಇದ್ದದ್ದು 201 ಆದೀತು, ನಕ್ಷತ್ರವೊಂದು ಬಿದ್ದೀತು. ಹಬ್ಬದ ವಾರದ ಹೋಳಿಗೆ ತುಪ್ಪ ಅಷ್ಟು ಏರಿಸಬಲ್ಲದು. ಆದರೆ ಹಬ್ಬ ಮುಗಿಯುತ್ತದೆ. ಸಿ-8 ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡೂವರೆಯಿಂದ ನಾಲ್ಕು ವರ್ಷ ಬೇಕು. ಪಿಎಫ್ಒಎಸ್‌ಗೆ ಇನ್ನೂ ಹೆಚ್ಚು. ನೀರಿನಲ್ಲಿ ಬರುತ್ತಲೇ ಇದ್ದರೆ ಇಳಿಯುವ ಮಾತೇ ಇಲ್ಲ.

ಊರಿನ ನೀರಿಗೆ ಇದ್ದಿಲಿನ ಶೋಧಕ ಹಾಕಿದ ಮೇಲೆ ಅದೇ ಜನರಲ್ಲಿ 560 ಮಂದಿಯ ರಕ್ತವನ್ನು ಮತ್ತೆ ತೆಗೆದರು. ಸಿ-8 ಅರ್ಧಕ್ಕೆ ಇಳಿದವರಲ್ಲಿ ಎಲ್‌ಡಿಎಲ್ ನೂರಕ್ಕೆ 3.6ರಷ್ಟು ಕೆಳಗೆ ಬಂದಿತ್ತು. ಪಿಎಫ್ಒಎಸ್ ಅರ್ಧಕ್ಕೆ ಇಳಿದವರಲ್ಲಿ ನೂರಕ್ಕೆ 5ರಷ್ಟು. 2012ರ ಅಕ್ಟೋಬರಿನಲ್ಲಿ ಮಂಡಳಿ, ಏರಿದ ಕೊಲೆಸ್ಟರಾಲಿಗೂ ಸಿ-8ಕ್ಕೂ ‘ಸಂಭಾವ್ಯ ನಂಟು’ ಇದೆ ಎಂದು ಬರೆಯಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್, ಕರುಳಿನ ಹುಣ್ಣು, ಗರ್ಭಿಣಿಯರ ರಕ್ತದೊತ್ತಡ ಉಳಿದ ಐದು. ಹೃದಯಾಘಾತ ಮಾತ್ರ ಪಟ್ಟಿಯಲ್ಲಿರಲಿಲ್ಲ. ಕೊಲೆಸ್ಟರಾಲ್ ಏರಿದೆ, ಹೃದಯಾಘಾತ ಏರಿಲ್ಲ! ಆದರೆ ಇಟಲಿಯ ವೆನೆಟೊದಲ್ಲಿ, ಇಂಥದೇ ನೀರು ಕುಡಿದ ಊರುಗಳಲ್ಲಿ, ಹೃದಯ ರಕ್ತನಾಳದ ರೋಗಗಳಿಂದ ಸತ್ತವರು ಇರಬೇಕಾದದ್ದಕ್ಕಿಂತ ಹೆಚ್ಚು ಎಂದು 2024ರ ಅಧ್ಯಯನ ಹೇಳಿತು. ಈ ಗಂಟು ಬಿಚ್ಚಿಲ್ಲ.

ಇನ್ನೊಂದು ಗಂಟು ಇದಕ್ಕಿಂತ ವಿಚಿತ್ರ. ಇಲಿಗಳಿಗೆ ಸಿ-8 ತಿನ್ನಿಸಿದರೆ ಕೊಲೆಸ್ಟರಾಲ್ ಇಳಿಯುತ್ತದೆ. ಮನುಷ್ಯರಲ್ಲೂ ಒಮ್ಮೆ ನೋಡಿದ್ದಾರೆ: ಸ್ಕಾಟ್‌ಲ್ಯಾಂಡಿನಲ್ಲಿ, ಬೇರೆ ದಾರಿ ಮುಗಿದಿದ್ದ 49 ಕ್ಯಾನ್ಸರ್ ರೋಗಿಗಳಿಗೆ ಇದರ ಲವಣವನ್ನೇ ಔಷಧಿಯಾಗಿ ವಾರಕ್ಕೊಮ್ಮೆ ಕೊಟ್ಟರು. ಪ್ರಮಾಣ ವಿಪರೀತ ಏರಿದವರಲ್ಲಿ ಕೊಲೆಸ್ಟರಾಲ್ ಇಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಕೊಬ್ಬಿನಾಮ್ಲದಂತೆ ಕಾಣುವ ಈ ಸರಪಳಿ ಲಿವರಿನಲ್ಲಿರುವ ಒಂದು ಗುಂಡಿಯನ್ನು ಒತ್ತುತ್ತದೆ. ಟ್ರೈಗ್ಲಿಸರೈಡ್ ಇಳಿಸಲು ಕೊಡುವ ಫೆನೊಫೈಬ್ರೇಟ್ ಮಾತ್ರೆ ಒತ್ತುವುದೂ ಅದೇ ಗುಂಡಿಯನ್ನು. ಭಾರೀ ಪ್ರಮಾಣದಲ್ಲಿ ಅದು ಮದ್ದಿನಂತೆ ವರ್ತಿಸುತ್ತದೆ. ಕುಡಿಯುವ ನೀರಿನಲ್ಲಿ ಬರುವಷ್ಟು ಸಣ್ಣ ಪ್ರಮಾಣದಲ್ಲಿ ಏಕೆ ತಿರುಗುಮುರುಗು? ಜಗಳ ಇರುವುದು ಇಲ್ಲೇ, ಮತ್ತು ಜಗಳದ ಕೇಂದ್ರ ಪಿತ್ತ.

ಲಿವರ್ ಕೊಲೆಸ್ಟರಾಲಿನಿಂದ ಪಿತ್ತಾಮ್ಲ ಮಾಡಿ ಕರುಳಿಗೆ ಬಿಡುತ್ತದೆ. ಉಂಡ ಎಣ್ಣೆ ಜೀರ್ಣವಾಗಲು ಅದು ಬೇಕು. ಕೆಲಸ ಮುಗಿದ ಮೇಲೆ ನೂರಕ್ಕೆ 95 ಪಾಲು ಪಿತ್ತಾಮ್ಲವನ್ನು ಕರುಳು ಹೀರಿ ಮತ್ತೆ ಲಿವರಿಗೇ ಕಳುಹಿಸುತ್ತದೆ. ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವ ಬಸ್ಸು. ಪಿಫಾಸ್ ಅದೇ ಬಸ್ಸಿನ ಪ್ರಯಾಣಿಕ. ಕರುಳಿಗೆ ಇಳಿದದ್ದೂ ಹೊರಗೆ ಹೋಗದೆ ವಾಪಸು ಹತ್ತಿಬಿಡುತ್ತದೆ. ಅನುಮಾನದ ವಾದ ಹೀಗೆ: ಹುಟ್ಟಿನಿಂದಲೇ ಕರುಳು ಹೆಚ್ಚು ಹೀರುವ ಮನುಷ್ಯನಲ್ಲಿ ಪಿಫಾಸ್ ಹೆಚ್ಚು ಉಳಿಯುತ್ತದೆ, ಪಿತ್ತಾಮ್ಲ ವಾಪಸು ಬರುತ್ತಿರುವುದರಿಂದ ಲಿವರ್ ಹೊಸದಾಗಿ ಕೊಲೆಸ್ಟರಾಲ್ ಖರ್ಚು ಮಾಡುವುದಿಲ್ಲ, ಅದೂ ರಕ್ತದಲ್ಲಿ ಉಳಿಯುತ್ತದೆ. ಅಂದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಎರಡೂ ಒಂದೇ ಕರುಳಿನ ಮಕ್ಕಳು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಕೊಲೆಸ್ಟರಾಲನ್ನೇ ಆಧಾರವಾಗಿಟ್ಟು ಪಿಫಾಸ್ ಮಿತಿ ಹಾಕಿತ್ತು. ಈ ವಾದಕ್ಕೆ ಕಿವಿಗೊಟ್ಟು 2020ರಲ್ಲಿ ಆಧಾರವನ್ನು ಮಕ್ಕಳ ಲಸಿಕೆಯ ಫಲಕ್ಕೆ ಬದಲಿಸಿತು. ಮಿತಿ ಮಾತ್ರ ಇನ್ನೂ ಬಿಗಿಯಾಯಿತು: ನಾಲ್ಕು ಪಿಫಾಸ್ ಸೇರಿ ವಾರಕ್ಕೆ, ದೇಹದ ತೂಕದ ಕಿಲೊಗ್ರಾಂಗೆ 4.4 ನ್ಯಾನೊಗ್ರಾಂ.

ಆದರೆ ಕರುಳಿನ ವಾದಕ್ಕೆ ಎದುರು ನಿಲ್ಲುವ ಸಾಕ್ಷಿ ಊರಿನ ನಲ್ಲಿಯದು. ಯಾರ ರಕ್ತದಲ್ಲಿ ಎಷ್ಟಿದೆ ಎಂದು ನೋಡದೆ, ಯಾವ ಮನೆಗೆ ಯಾವ ಪೈಪು, ಎಷ್ಟು ವರ್ಷ ಎಂದು ಲೆಕ್ಕ ಹಾಕಿದಾಗಲೂ ಓಹಾಯೊದಲ್ಲಿ ಕೊಲೆಸ್ಟರಾಲಿನ ನಂಟು ಅಳಿಸಲಿಲ್ಲ. ಪೈಪು ಯಾರ ಕರುಳನ್ನೂ ನೋಡಿ ಬರುವುದಿಲ್ಲ. ಸ್ವೀಡನ್ನಿನ ರೊನೆಬಿಯಲ್ಲಿ, ವಾಯುನೆಲೆಯ ಬೆಂಕಿ ನೊರೆ ಅಂತರ್ಜಲಕ್ಕಿಳಿದ ಊರಿನಲ್ಲಿ, ಶುದ್ಧ ನೀರಿನ ಪಕ್ಕದ ಊರಿನವರಿಗಿಂತ ಕೊಲೆಸ್ಟರಾಲ್ ಹೆಚ್ಚಿತ್ತು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ ರಕ್ತದ ಕೊಬ್ಬಿನ ಏರುಪೇರಿಗೂ ಪಿಫಾಸ್‌ಗೂ ನಂಟಿದೆ ಎನ್ನಲು ಸಾಕಷ್ಟು ಸಾಕ್ಷಿ ಇದೆ ಎಂದವು. ತಕ್ಕಡಿ ಆ ಕಡೆಗೇ ವಾಲಿದೆ. ಮುಳ್ಳು ಇನ್ನೂ ಅಲ್ಲಾಡುತ್ತಿದೆ ಎನ್ನುವುದೂ ನಿಜ. ರೊನೆಬಿಯ ಜನ ಕೋರ್ಟಿಗೆ ಹೋದರು. 2023ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸುಪ್ರೀಂ ಕೋರ್ಟ್, ರೋಗ ಬರಲಿ ಬಿಡಲಿ, ರಕ್ತದಲ್ಲಿ ಅಷ್ಟು ಪಿಫಾಸ್ ಇರುವುದೇ ದೇಹಕ್ಕಾದ ಗಾಯ ಎಂದು ತೀರ್ಪಿತ್ತಿತು.

ಪಿತ್ತದ ಕಥೆಗೆ ಡೆನ್ಮಾರ್ಕಿನಲ್ಲಿ ಒಂದು ತಿರುವು ಸಿಕ್ಕಿತು, ಮತ್ತೆ ದನಗಳಿಂದಲೇ. ಕೊರ್ಸೋರ್ ಎಂಬ ಪಟ್ಟಣದ ಕೆಲವು ಕುಟುಂಬಗಳು ಸೇರಿ ದನಗಳನ್ನು ಹುಲ್ಲುಗಾವಲಿನಲ್ಲಿ ಮೇಯಿಸಿ ಮಾಂಸ ಹಂಚಿಕೊಳ್ಳುವ ಸಂಘ ಮಾಡಿಕೊಂಡಿದ್ದವು. ಶುದ್ಧ ಹುಲ್ಲು ಮೇಯ್ದ ದನದ ಮಾಂಸ ಎಂಬ ಹೆಮ್ಮೆ ಅವರದು. ಹುಲ್ಲುಗಾವಲಿನ ಪಕ್ಕದಲ್ಲೇ ಅಗ್ನಿಶಾಮಕರ ತರಬೇತಿ ಶಾಲೆ. ವರ್ಷಗಟ್ಟಲೆ ಅಲ್ಲಿ ಹಾರಿಸಿದ ನೊರೆ ಹುಲ್ಲಿಗಿಳಿದು, ಹುಲ್ಲಿನಿಂದ ದನಕ್ಕೆ, ದನದಿಂದ ಜನಕ್ಕೆ ಬಂದಿತ್ತು. 2021ರಲ್ಲಿ ಇದು ಬಯಲಾಯಿತು. ಅಲ್ಲಿನ ಡಾಕ್ಟರುಗಳು 45 ಮಂದಿಗೆ ಕೊಲೆಸ್ಟೈರಮಿನ್ ಎಂಬ ಹಳೆಯ ಔಷಧಿ ಕೊಟ್ಟು ನೋಡಿದರು. ಸ್ಟ್ಯಾಟಿನ್ ಮಾತ್ರೆಗಳು ಬರುವ ಮುಂಚೆ ಕೊಲೆಸ್ಟರಾಲ್ ಇಳಿಸಲು ನೀರಿಗೆ ಕಲಸಿ ಕುಡಿಸುತ್ತಿದ್ದ ಮರಳಿನಂಥ ಪುಡಿ ಅದು. ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಗೆ ಒಯ್ಯುತ್ತದೆ. ದಿನಕ್ಕೆ ಮೂರು ಸಲ 4 ಗ್ರಾಂ, 12 ವಾರ. ಪಿಎಫ್ಒಎಸ್ ನೂರಕ್ಕೆ 60ರಷ್ಟು ಇಳಿಯಿತು. ಪುಡಿ ತೆಗೆದುಕೊಳ್ಳದೆ ಇದ್ದ 12 ವಾರದಲ್ಲಿ ಇಳಿದದ್ದು ನೂರಕ್ಕೆ 3. ಪಿತ್ತದ ಬಸ್ಸನ್ನು ಅಡ್ಡಗಟ್ಟಿದರೆ ಪಿಫಾಸ್ ಇಳಿದು ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಡ. ಆಸ್ಟ್ರೇಲಿಯಾದ ಅಗ್ನಿಶಾಮಕರು ವರ್ಷವಿಡೀ ರಕ್ತದಾನ, ಪ್ಲಾಸ್ಮಾ ದಾನ ಮಾಡಿಯೂ ಇಳಿಸಿಕೊಂಡರು. ಹೆಂಗಸರ ರಕ್ತದಲ್ಲಿ ಮುಟ್ಟು, ಬಾಣಂತನದ ಕಾಲದಲ್ಲಿ ಇದು ತಾನೇ ಕಡಿಮೆಯಾಗುತ್ತದೆ. ಎದೆಹಾಲಿನ ಪಾಲು ಮಗುವಿಗೆ ಹೋಗುತ್ತದೆ ಎಂಬುದು ಆ ಲಾಭದ ನಷ್ಟ.

ಈ ಸೀಮೆಯಲ್ಲಿ ಹೀಗೆ ಅಳೆದರೆ? 2004ರಲ್ಲಿ ಕುರುಂತಾಚಲಂ ಕಣ್ಣನ್ ಮತ್ತು ಸಂಗಡಿಗರು ಒಂಬತ್ತು ದೇಶಗಳ ರಕ್ತ ಹೋಲಿಸಿದಾಗ ಪಿಎಫ್ಒಎಸ್ ಅಮೆರಿಕ, ಪೋಲೆಂಡಿನಲ್ಲಿ 30 ನ್ಯಾನೊಗ್ರಾಂ ಮೀರಿತ್ತು. ಕೊಯಮತ್ತೂರಿನಿಂದ ಒಯ್ದ ಮಾದರಿಗಳಲ್ಲಿ 3ಕ್ಕಿಂತ ಕಡಿಮೆ. ಭಾರತದ ಅಂಕಿ ಎಲ್ಲಕ್ಕಿಂತ ಕೆಳಗೆ. ಆಗ ಇಲ್ಲಿ ನಾನ್‌ಸ್ಟಿಕ್ ಕಾವಲಿ ಮದುವೆಯ ಉಡುಗೊರೆ, ದಿನಬಳಕೆಗೆ ಕಬ್ಬಿಣದ್ದೇ. ಇಪ್ಪತ್ತು ವರ್ಷದಲ್ಲಿ ಅಡುಗೆಮನೆ, ಬಟ್ಟೆ, ಪೊಟ್ಟಣ ಎಲ್ಲ ಬದಲಾಗಿವೆ. ಕಾರ್ಖಾನೆಯೂ ಜಾಗ ಬದಲಿಸುತ್ತಿದೆ. ವೆನೆಟೊದ ನೀರು ಕೆಡಿಸಿದ ಮಿಟೆನಿ ಕಾರ್ಖಾನೆ 2018ರಲ್ಲಿ ದಿವಾಳಿಯಾಯಿತು. ಅದರ ಯಂತ್ರಗಳು ಹಡಗು ಹತ್ತಿ ಬಂದಿಳಿದದ್ದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶಕ್ಕೆ. ಅತ್ತ 2025ರ ಜೂನ್‌ನಲ್ಲಿ ವಿಚೆಂಜಾದ ಕೋರ್ಟ್ ಮಿಟೆನಿಯ 11 ಮಾಜಿ ಅಧಿಕಾರಿಗಳಿಗೆ ಜೈಲುಶಿಕ್ಷೆ ಕೊಟ್ಟಿತು. ಲೋಟೆ ಇರುವುದು ಪಶ್ಚಿಮಘಟ್ಟದ ಮಗ್ಗುಲಲ್ಲಿ. ಈ ಘಟ್ಟದ ಇನ್ನೊಂದು ಮಡಿಲಿನಲ್ಲಿ ಭದ್ರೆ ಹುಟ್ಟುತ್ತಾಳೆ.

ಭದ್ರೆಗೂ ದೀರ್ಘಾಯುಷಿ ರಾಸಾಯನಿಕಗಳು ಹೊಸಬರಲ್ಲ. ಲಕ್ಕವಳ್ಳಿಯ ಜಲಾಶಯಕ್ಕೆ ನೀರು ಬರುವುದು ಕಾಫಿತೋಟಗಳ ನಡುವಿನಿಂದ. ಅರೇಬಿಕಾ ಗಿಡಕ್ಕೆ ‘ಬೋರರ್’ ಹೊಡೆದರೆ, ಅಂದರೆ ಬಿಳಿ ಕಾಂಡಕೊರಕ ಹೊಕ್ಕರೆ, ತೋಟದ ಆಳುಗಳು ಬಟ್ಟೆ ಸುತ್ತಿದ ಕೋಲಿನಿಂದ ಕಾಂಡಕ್ಕೆಲ್ಲ ಲಿಂಡೇನ್ ಬಳಿಯುತ್ತಿದ್ದರು. 2013ರಲ್ಲಿ ಬಳಕೆ ನಿಷೇಧವಾಗುವವರೆಗೂ ಅದು ನಡೆಯಿತು. ಬಯಲಿನ ಕಡೆ ಬಿಎಚ್‌ಸಿ ಪುಡಿ ಇರದ ಹೊಲವೇ ಇರಲಿಲ್ಲ. ಅದು ನಿಂತದ್ದು 1997ರಲ್ಲಿ. ಮಲೇರಿಯಾದ ಕಾಲದಲ್ಲಿ ಡಿಡಿಟಿ ಹೊಡೆದು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದದ್ದನ್ನು ಹಿರಿಯರು ಕಂಡಿದ್ದಾರೆ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಇದೇ ನೀರು ಅಜ್ಜಂಪುರದ ಸುರಂಗ ಹಾದು ಚಿತ್ರದುರ್ಗ, ತುಮಕೂರಿನ ಕಡೆಗೆ ಹೊರಟಿದೆ, 29.9 ಟಿಎಂಸಿಯ ಲೆಕ್ಕ. ನೀರು ದೂರ ಹೋದಷ್ಟೂ ಅದರ ಮೂಲ ಕೇಳುವವರು ಕಡಿಮೆ.

ಇಲ್ಲಿ ಅಳೆಯುವವರಿಗೆ ಒಂದು ಎಚ್ಚರ. ಡಿಡಿಟಿ, ಲಿಂಡೇನ್, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಕೊಬ್ಬಿನಲ್ಲಿ ಕರಗುವಂಥವು. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದರೆ ಅವೂ ಹೆಚ್ಚು ಕಾಣುತ್ತವೆ, ಊಟವಾದ ಮೇಲೆ ರಕ್ತ ತೆಗೆದರೂ ಅಷ್ಟೇ. ಪಿಸಿಬಿ ಕಾರ್ಖಾನೆ ಇದ್ದ ಅಮೆರಿಕದ ಆನಿಸ್ಟನ್ ಊರಿನಲ್ಲಿ ಪಿಸಿಬಿಗೂ ಕೊಲೆಸ್ಟರಾಲಿಗೂ ನಂಟು ಕಂಡಾಗ ಎದ್ದ ಮೊದಲ ಪ್ರಶ್ನೆಯೇ ಇದು: ವಿಷ ಕೊಬ್ಬನ್ನು ಏರಿಸಿತೇ, ಕೊಬ್ಬು ವಿಷವನ್ನು ಹೊತ್ತು ತಂದಿತೇ? ಪಿಫಾಸ್‌ಗೆ ಈ ತಕರಾರು ಅಷ್ಟಾಗಿ ಇಲ್ಲ. ಅದು ಕೊಬ್ಬಿಗಲ್ಲ, ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ.

ಕಾನೂನು ಎಲ್ಲಿದೆ? ದೀರ್ಘಾಯುಷಿ ವಿಷಗಳ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲಿ ಅನುಮೋದಿಸಿತು. ಒಪ್ಪಂದದ ಪಟ್ಟಿಗೆ ಪಿಎಫ್ಒಎಸ್ 2009ರಲ್ಲಿ, ಪಿಎಫ್ಒಎ 2019ರಲ್ಲಿ ಸೇರಿದವು. 2018ರಲ್ಲಿ ಭಾರತ ನಿಷೇಧಿಸಿದ ಏಳು ಪದಾರ್ಥಗಳಲ್ಲಿ ಪಿಎಫ್ಒಎಸ್ ಇರಲಿಲ್ಲ. 2023ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಪಿಎಫ್ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. 2024ರಲ್ಲಿ ಅಮೆರಿಕ ಕುಡಿಯುವ ನೀರಿನಲ್ಲಿ ಪಿಎಫ್ಒಎಗೆ ಹಾಕಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಭಾರತದ ಕುಡಿಯುವ ನೀರಿನ ಮಾನದಂಡ, 2012ರ ಐಎಸ್ 10500, ಫ್ಲೋರೈಡಿಗೆ 1 ಮಿಲಿಗ್ರಾಂ ಎಂದು ಬರೆದಿದೆ, ಪಿಸಿಬಿಗೂ ಒಂದು ಸಾಲು ಕೊಟ್ಟಿದೆ. ಪಿಫಾಸ್ ಎಂಬ ಸಾಲೇ ಅದರಲ್ಲಿ ಇಲ್ಲ. ಸಾಲು ಇಲ್ಲದಿದ್ದರೆ ಲ್ಯಾಬಿನವರು ಅಳೆಯುವುದಿಲ್ಲ. ಅಳೆಯದಿದ್ದರೆ ಡಾಕ್ಟರು ಕೇಳುವುದಿಲ್ಲ.

ಸದ್ಯಕ್ಕೆ ಊರಿನವರ ಕೈಯಲ್ಲಿರುವುದು ಸ್ವಲ್ಪವೇ. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಆರ್‌ಒ ಪೊರೆ ಫ್ಲೋರೈಡಿನ ಜೊತೆ ಪಿಫಾಸನ್ನೂ ತಡೆಯುತ್ತದೆ, ಪೊರೆ ಹರಿಯದೆ ಇದ್ದರೆ ಮತ್ತು ಕಾಲಕಾಲಕ್ಕೆ ಬದಲಿಸಿದರೆ. ಕುದಿಸಿದರೆ ಹೋಗದು. ಎಲ್‌ಡಿಎಲ್ ಹೆಚ್ಚಿದ್ದವರು ಈ ಮಾತು ಕೇಳಿ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವುದಾಗಲಿ, ಕೊಲೆಸ್ಟೈರಮಿನ್ ಹುಡುಕಿಕೊಂಡು ಹೋಗುವುದಾಗಲಿ ಬೇಡ. ಕೊರ್ಸೋರ್‌ನವರ ರಕ್ತದ ಲೆಕ್ಕವೇ ಬೇರೆ. ಬೀಡಿ ಮತ್ತು ಸಕ್ಕರೆ ಕಾಯಿಲೆಯ ಪಕ್ಕದಲ್ಲಿ, ಪಿಫಾಸ್‌ನಿಂದ ಏರುವ 11 ಮಿಲಿಗ್ರಾಂ ಕೊಲೆಸ್ಟರಾಲ್ ಸಣ್ಣದೇ.

ಇನ್ನು ಮನೆಗಳಿಂದ ಬರುವ ಪ್ರಶ್ನೆ ಒಂದೇ: ನಾನ್‌ಸ್ಟಿಕ್ ಕಾವಲಿ ಎಸೆಯಬೇಕೇ? ಅಂಟಿಕೊಂಡಿರುವ ಟೆಫ್ಲಾನ್ ಲೇಪ ಹೆಚ್ಚುಕಡಿಮೆ ಜಡ. ಅದರ ಚಕ್ಕೆ ಹೊಟ್ಟೆಗೆ ಹೋದರೂ ಹಾಗೇ ಹೊರಗೆ ಹೋಗುತ್ತದೆ. ಖಾಲಿ ಕಾವಲಿಯನ್ನು ಜೋರು ಉರಿಯ ಮೇಲೆ ಮರೆತು 260 ಡಿಗ್ರಿ ದಾಟಿಸಿದರೆ ಮಾತ್ರ ಲೇಪ ಸುಟ್ಟು ಹೊಗೆ ಬಿಡತೊಡಗುತ್ತದೆ. ಕೇಡು ನಡೆದದ್ದು ಒಲೆಯ ಮೇಲಲ್ಲ, ಲೇಪ ತಯಾರಿಸಿದ ಕಡೆಯ ಹಳ್ಳದಲ್ಲಿ. ಹಾಗಿದ್ದೂ ಬೇಡವೆನಿಸಿದವರಿಗೆ ಅಟ್ಟದ ಮೇಲೆ ಕಬ್ಬಿಣದ ಹಳೇ ಕಾವಲಿ ಇದ್ದೇ ಇದೆ. ತುಕ್ಕು ತಿಕ್ಕಿ, ಎಣ್ಣೆ ಸವರಿ ಎರಡು ದಿನ ಪಳಗಿಸಬೇಕು. ಆಮೇಲೆ ಒಂದು ಅಜ್ಜಂಪುರದ ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು, ಚಾಕುವಿನ ತುದಿಗೆ ಸಿಕ್ಕಿಸಿ, ಎಣ್ಣೆಯಲ್ಲಿ ಅದ್ದಿ ಕಾದ ಕಾವಲಿಗೆ ಗುಂಡಗೆ ತಿಕ್ಕಿದರೆ ಸರಿ. ಮೊದಲ ದೋಸೆ ಅಂಟುತ್ತದೆ. ಎರಡನೆಯದು ಏಳುತ್ತದೆ.